ಮಾಗಿಯ ಸಂಜೆಯೂ ಮನೆಯವರ ವಿನೋದವೂ

ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೇಕಾಯಿ ಪರಿಷೆಯು ಮುಗಿಯಿತೆಂದರೆ ಬೆಂಗಳೂರಿಗೆ ಮಾಗಿಯು ಬಂದಿತೆಂದೇ ಲೆಕ್ಕ. ಹಿಂಗಾರು ಮಳೆಯು ಡಿಸೆಂಬರಿನ ನಡುಭಾಗದ ಹೊತ್ತಿಗೆ ಬಹುಮಟ್ಟಿಗೆ ಹಿಂದೆಗೆಯುವುದು. ಆಕಾಶವು ತಿಳಿಯಾಗಿ, ಸಂಜೆಯ ಗಾಳಿಯು ಹಿತವಾಗಿ ಬೀಸುವುದು. ಚಳಿಯೂ ಹೆದರತಕ್ಕಷ್ಟಿಲ್ಲ. ಈ ಊರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯೆಂದರೆ ೧೮೮೪ನೆಯ ಇಸವಿ ಜನವರಿ ೧೩ರಂದು ಕಂಡ ೭.೮ ಡಿಗ್ರಿ ಸೆಂಟಿಗ್ರೇಡು. ಸಾಮಾನ್ಯವಾದ ಮಾಗಿಯ ರಾತ್ರಿಯಲ್ಲಿ ಒಂದು ಶಾಲು, ಮಕ್ಕಳಿಗೊಂದು ಉಣ್ಣೆಯ ಟೋಪಿ ಇದ್ದರೆ ಸಾಕು. ನಾಟಕ ನೋಡುವುದಕ್ಕೂ ಕಚೇರಿ ಕೇಳುವುದಕ್ಕೂ ಇದಕ್ಕಿಂತ ಒಳ್ಳೆಯ ಕಾಲವು ವರ್ಷದಲ್ಲಿ ಮತ್ತೊಂದಿಲ್ಲ.

ಆದರೂ ಎಷ್ಟೋ ಮನೆಗಳಲ್ಲಿ ಈ ಎರಡು ತಿಂಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ತಂದೆಯು ಒಂದು ಮೂಲೆಯಲ್ಲಿ, ಮಗನು ಇನ್ನೊಂದು ಮೂಲೆಯಲ್ಲಿ ತಮ್ಮ ತಮ್ಮ ಮೊಬೈಲನ್ನು ನೋಡುತ್ತ ಕುಳಿತಿರುತ್ತಾರೆ; ತಾಯಿಯು ಒಲೆಯ ಮುಂದೆ; ಅಜ್ಜಿಯು ಕಿಟಕಿಯ ಬಳಿ. “ನಾಟಕಕ್ಕೆ ಹೋಗೋಣವೇ?” ಎಂದು ಯಾರಾದರೂ ಕೇಳಿದರೆ, “ಅದೆಲ್ಲ ಹಣವುಳ್ಳವರಿಗೆ” ಎಂಬ ಉತ್ತರವು ಸಿದ್ಧವಾಗಿರುವುದು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ನಾವು ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡುವೆವು.

ನಾಲ್ಕು ಜನರ ಸಂಸಾರವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಟಿಕೇಟಿಗೆ ೨೦೦ ರೂಪಾಯಿಯೆಂದರೆ ನಾಲ್ವರಿಗೆ ೮೦೦ ಆಯಿತು. ಹೋಗಿಬರುವ ಆಟೋರಿಕ್ಷಾಗೆ ೫೦೦, ಹೋಟೆಲಿನ ಊಟಕ್ಕೆ ೮೦೦ ಎಂದು ಇಟ್ಟುಕೊಂಡರೆ ಒಟ್ಟು ೨,೧೦೦ ರೂಪಾಯಿ. ಇದರಲ್ಲಿ ಕಲೆಗಾಗಿ ಕೊಟ್ಟದ್ದು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ದಾರಿಗೂ ಹೊಟ್ಟೆಗೂ ಹೋಯಿತು. ಆದುದರಿಂದ ಮಿತವ್ಯಯ ಮಾಡತಕ್ಕವರು ಮೊದಲು ಕೈಹಾಕಬೇಕಾದದ್ದು ಟಿಕೇಟಿಗಲ್ಲ, ಉಳಿದೆರಡು ಬಾಬುಗಳಿಗೆ.

ದಾರಿಯ ವಿಚಾರ ಮೊದಲು. ೨೦೨೩ರ ಜೂನ್ ೧೧ರಿಂದ ರಾಜ್ಯದ ನಿವಾಸಿಗಳಾದ ಸ್ತ್ರೀಯರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಗುರುತಿನ ಚೀಟಿಯನ್ನು ತೋರಿಸಿ ಹಣವಿಲ್ಲದೆ ಪ್ರಯಾಣ ಮಾಡಬಹುದಾಗಿದೆ. ೨೦೧೧ರಲ್ಲಿ ಪ್ರಾರಂಭವಾದ ಮೆಟ್ರೋ ರೈಲು ಇಂದು ಊರಿನ ಉತ್ತರ ದಕ್ಷಿಣಗಳನ್ನು ಸೇರಿಸಿದೆ. ಹೋಗುವಾಗ ಬಸ್ಸು ಅಥವಾ ಮೆಟ್ರೋ, ಹೊತ್ತು ಮೀರಿದರೆ ಬರುವಾಗ ಮಾತ್ರ ಆಟೋ ಎಂಬ ನಿಯಮವಿಟ್ಟುಕೊಂಡರೆ ಖರ್ಚು ಅರ್ಧಕ್ಕಿಳಿಯುವುದು. ರಾತ್ರಿಯ ಕಡೆಯ ರೈಲು ಎಷ್ಟು ಹೊತ್ತಿಗೆಂಬುದನ್ನು ಮನೆ ಬಿಡುವ ಮೊದಲೇ ತಿಳಿದಿರುವುದು ಲೇಸು.

ಊಟದ ವಿಚಾರದಲ್ಲಿ ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾದದ್ದೇನೂ ಇಲ್ಲ. ಯಜಮಾನರಿಗೇ ಒಂದು ಮಾತು ಹೇಳಬೇಕಾಗಿದೆ. ಮನೆಗೆ ಮರಳಿದ ಮೇಲೆ ಅಡಿಗೆಯಾಗಬೇಕೆಂಬ ಚಿಂತೆಯು ಮನಸ್ಸಿನಲ್ಲಿದ್ದರೆ, ನಾಟಕದ ಕಡೆಯ ದೃಶ್ಯವು ಆಕೆಯ ಪಾಲಿಗೆ ಇಲ್ಲದಂತೆಯೇ. ಆ ದಿನ ಮಧ್ಯಾಹ್ನವೇ ಹುಳಿಯನ್ನವನ್ನು ಕಲಸಿಟ್ಟು, ಐದೂವರೆಗೆಲ್ಲ ಎಲ್ಲರೂ ಕೂಡಿ ಉಂಡು, ಪಾತ್ರೆಗಳನ್ನು ಗಂಡಸರೇ ತೊಳೆದಿಟ್ಟು ಹೊರಡುವುದು ಸರಿಯಾದ ಕ್ರಮ. ಇಷ್ಟಾದರೆ ಹಿಂದಿನ ೨,೧೦೦ ರೂಪಾಯಿಯ ಲೆಕ್ಕವು ಸಾವಿರದ ಆಸುಪಾಸಿಗೆ ಬಂದು ನಿಲ್ಲುವುದು. ತಿಂಗಳಿಗೊಂದು ನಾಟಕವೆಂದರೆ ಅನೇಕ ಸಂಸಾರಗಳು ಇದನ್ನು ಹೊರಬಲ್ಲವು.

ಇನ್ನು ಎಲ್ಲಿಗೆ ಹೋಗತಕ್ಕದ್ದು? ಜಯಚಾಮರಾಜೇಂದ್ರ ರಸ್ತೆಯಲ್ಲಿರುವ ರವೀಂದ್ರ ಕಲಾಕ್ಷೇತ್ರವು ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಸ್ಮಾರಕವಾಗಿ ಕಟ್ಟಿದ್ದು. ಅದರ ಹಿಂಬದಿಯಲ್ಲಿ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಿದೆ. ೧೯೭೦ರ ದಶಕದ ಮೊದಲಲ್ಲಿ ಬಿ. ವಿ. ಕಾರಂತರು ಕಲಾಕ್ಷೇತ್ರದ ಆವರಣದ ಬಯಲಿನಲ್ಲಿ ನಾಟಕಗಳನ್ನಾಡಿಸಿ ಕನ್ನಡ ರಂಗಭೂಮಿಗೆ ಹೊಸ ಕಳೆಯನ್ನು ತಂದರು. ಮಳೆಯ ಭಯವಿಲ್ಲದ ಮಾಗಿಯೇ ಬಯಲಿನಲ್ಲಿ ಕುಳಿತು ನಾಟಕ ನೋಡಲು ತಕ್ಕ ಕಾಲ. ಕುಳಿತುಕೊಳ್ಳುವ ಮೆಟ್ಟಿಲುಗಳು ರಾತ್ರಿಯಾದಂತೆ ತಣ್ಣಗಾಗುವುದರಿಂದ ವೃದ್ಧರಿಗಾಗಿ ಒಂದು ದಪ್ಪ ಜಮಖಾನೆಯನ್ನು ಮಡಿಸಿ ಒಯ್ಯಬೇಕು. ಸರ್ಕಾರದ ಮಂದಿರಗಳು ಆಗಾಗ್ಗೆ ದುರಸ್ತಿಗಾಗಿ ಮುಚ್ಚಿರುವುದೂ ಉಂಟಾದ್ದರಿಂದ, ಅಂದಿನ ವಾರ್ತಾಪತ್ರಿಕೆಯ ಪ್ರಕಟನೆಯನ್ನು ನೋಡಿಯೇ ಹೊರಡತಕ್ಕದ್ದು.

ಜಯಪ್ರಕಾಶನಾರಾಯಣ ನಗರದ ರಂಗಶಂಕರವು ೧೯೯೦ರಲ್ಲಿ ಅಕಾಲಮರಣ ಹೊಂದಿದ ನಟ ಶಂಕರನಾಗರ ನೆನಪಿಗಾಗಿ ೨೦೦೪ರಲ್ಲಿ ತೆರೆದ ಮಂದಿರ. ಮುನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟು ಆಸನಗಳಿರುವ ಚಿಕ್ಕ ಮಂದಿರವಾದುದರಿಂದ ಹಿಂದಿನ ಸಾಲಿಗೂ ನಟರ ಮುಖವು ಚೆನ್ನಾಗಿ ಕಾಣುವುದು. ಹೆಚ್ಚಿನ ಬೆಲೆಯ ಸ್ಥಳಕ್ಕಾಗಿ ಆಸೆಪಡಬೇಕಾದ್ದಿಲ್ಲ. ಅಲ್ಲಿ ಕಾಲಪಾಲನೆಯು ಕಟ್ಟುನಿಟ್ಟು. ಹೊತ್ತು ಮೀರಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಐದು ನಿಮಿಷ ತಡವಾದರೆ ನಾಲ್ವರ ಟಿಕೇಟಿನ ಹಣವೂ ಹೋಯಿತೆಂದೇ ತಿಳಿಯಬೇಕು. ಹೆಗ್ಗೋಡಿನ ನೀನಾಸಂ ಸಂಸ್ಥೆಯು ೧೯೮೫ರಿಂದ ನಡೆಸಿಕೊಂಡು ಬಂದಿರುವ ‘ತಿರುಗಾಟ’ದ ನಾಟಕಗಳು ಬೆಂಗಳೂರಿಗೆ ಬಂದಾಗ ಮಕ್ಕಳನ್ನು ಕರೆದೊಯ್ದು ತೋರಿಸಬೇಕೆಂಬುದು ನಮ್ಮ ಅಭಿಮತ. ಹಿಂದಿನ ರಾತ್ರಿಯೇ ಮಕ್ಕಳಿಗೆ ಕಥೆಯನ್ನು ಹೇಳಿಟ್ಟರೆ, ನಾಟಕದ ನಡುವೆ “ಅವನು ಯಾರು, ಇವಳು ಯಾರು” ಎಂಬ ಪ್ರಶ್ನೆಗಳು ಏಳುವುದಿಲ್ಲ, ನೆರೆಯವರಿಗೂ ನೆಮ್ಮದಿ.

ಸಂಗೀತಪ್ರಿಯರಿಗಂತೂ ಮಾಗಿಯು ಸುಗ್ಗಿಯೇ ಸರಿ. ಧನುರ್ಮಾಸದಲ್ಲಿ ದೇವಾಲಯಗಳಲ್ಲಿ ಬೆಳಗಿನ ಪೂಜೆಯ ಹುಗ್ಗಿಯ ಜೊತೆಗೆ ಕೆಲವೆಡೆ ಭಜನೆ, ಗಾಯನಗಳೂ ದೊರೆಯುವುವು. ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ. ಅದೇ ಮಾಸದ ಅಮಾವಾಸ್ಯೆಯಂದು ಪುರಂದರದಾಸರ ಆರಾಧನೆ. ಆ ದಿನಗಳಲ್ಲಿ ಬಸವನಗುಡಿ, ಮಲ್ಲೇಶ್ವರ, ಜಯನಗರ ಮೊದಲಾದ ಬಡಾವಣೆಗಳ ಗುಡಿಗಳಲ್ಲಿಯೂ ಸಭೆಗಳಲ್ಲಿಯೂ ನಡೆಯುವ ಗೋಷ್ಠಿಗಾಯನಕ್ಕೆ ಸಾಮಾನ್ಯವಾಗಿ ಪ್ರವೇಶಧನವಿಲ್ಲ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳ ಪಂಚರತ್ನಗಳನ್ನು ಒಂದೇ ಕಡೆ ಕುಳಿತು ಕೇಳಬಹುದು. ಮನೆಯಲ್ಲಿ ಮಗಳು ಮಾಯಾಮಾಳವಗೌಳದ ಸರಳೆಯನ್ನು ಅಭ್ಯಾಸ ಮಾಡುತ್ತಿದ್ದರೆ ಆಕೆಯನ್ನು ದಾಸರ ಆರಾಧನೆಗೆ ತಪ್ಪದೆ ಕರೆದೊಯ್ಯಿರಿ. ಆ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದೇ ಪರಂಪರೆಯು ಹೇಳುವುದು. ತನ್ನ ನಿತ್ಯದ ಬೇಸರದ ಪಾಠವು ಎಲ್ಲಿಗೆ ಮುಟ್ಟಬಲ್ಲುದೆಂಬುದು ಅಲ್ಲಿ ಆಕೆಯ ಕಿವಿಗೆ ಬೀಳುವುದು.

ಕಚೇರಿಗಳಿಗೆ ೧೯೦೫ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಯನಸಮಾಜವು ಹಳೆಯ ನೆಲೆ. ಏಳು ತಂತಿಯ ಪಿಟೀಲಿನಿಂದ ಪ್ರಸಿದ್ಧರಾದ ಟಿ. ಚೌಡಯ್ಯನವರ ಹೆಸರಿನ ಸ್ಮಾರಕಭವನವು ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ಬಿ. ಪಿ. ವಾಡಿಯಾ ಅವರು ೧೯೪೫ರಲ್ಲಿ ಬಸವನಗುಡಿಯಲ್ಲಿ ಸ್ಥಾಪಿಸಿದ ವಿಶ್ವಸಂಸ್ಕೃತಿ ಸಂಸ್ಥೆಯಲ್ಲಿ ಉಪನ್ಯಾಸ, ಸಂಗೀತಗಳನ್ನು ಹಣವಿಲ್ಲದೆ ಕೇಳುವ ಅವಕಾಶವು ಬಹುಕಾಲದಿಂದ ಉಂಟು. ಹೆಚ್ಚು ದೂರ ನಡೆಯಲಾರದ ಹಿರಿಯರಿಗೆ ಮನೆಯ ಹತ್ತಿರದ ಗುಡಿಯ ಕಚೇರಿಯೇ ಉತ್ತಮ. ಬೇಕೆಂದಾಗ ಎದ್ದು ಬರಬಹುದು. ಏಳುವುದಾದರೆ ಕೃತಿಯು ಮುಗಿದ ಮೇಲೆಯೇ ಏಳಬೇಕೆಂಬ ಮರ್ಯಾದೆಯನ್ನು ಮಾತ್ರ ಮರೆಯಬಾರದು.

ಇಷ್ಟು ಹೇಳಿದ ಮೇಲೆ ಮಿತವ್ಯಯಕ್ಕೂ ಒಂದು ಮಿತಿಯುಂಟೆಂದು ಸೂಚಿಸುವುದು ನಮ್ಮ ಕರ್ತವ್ಯ. ಹಣವಿಲ್ಲದೆ ದೊರೆಯುವ ಸಂಗೀತಕ್ಕೂ ಯಾರೋ ಒಬ್ಬರು ಹಣ ತೆತ್ತಿರುತ್ತಾರೆ. ಹವ್ಯಾಸಿ ನಾಟಕಮಂಡಲಿಯವರು ಹಗಲೆಲ್ಲ ಕಚೇರಿ, ಕಾರ್ಖಾನೆಗಳಲ್ಲಿ ದುಡಿದು, ರಾತ್ರಿ ತಾಲೀಮು ಮಾಡಿ, ಮಂದಿರದ ಬಾಡಿಗೆ, ದೀಪ, ಉಡುಪುಗಳಿಗೆ ತಮ್ಮ ಕೈಯಿಂದ ಹಾಕಿರುವುದುಂಟು. ಅಂಥವರಲ್ಲಿ “ನಮಗೊಂದು ಪಾಸು ಕೊಡಿಸಿ” ಎಂದು ಕೇಳುವುದು ಗುರುತಿನವರಿಗೆ ಹಕ್ಕಲ್ಲ. ಗುರುತಿನವರೇ ಮೊದಲು ಟಿಕೇಟು ಕೊಳ್ಳಬೇಕು. ಮೊಬೈಲಿನ ಮೂಲಕ ಕೊಂಡರೆ ಕೆಲವೆಡೆ ಮೇಲುಖರ್ಚು ಸೇರುವುದರಿಂದ ಮಂದಿರದ ಕಿಟಕಿಯಲ್ಲಿಯೇ ಕೊಳ್ಳಿರಿ; ಆ ಉಳಿತಾಯವು ನ್ಯಾಯವಾದದ್ದು. ಗುಡಿಯ ಕಚೇರಿಯಲ್ಲಿ ಕೇಳಿ ಸಂತೋಷಪಟ್ಟವರು ಕಾಣಿಕೆಯ ಡಬ್ಬಿಯಲ್ಲಿ ಶಕ್ತ್ಯನುಸಾರ ಹಾಕಿ ಬರಲಿ.

ಕಡೆಯದಾಗಿ ಒಂದು ಏರ್ಪಾಡು. ಡಿಸೆಂಬರ್, ಜನವರಿ ತಿಂಗಳುಗಳ ಪಂಚಾಂಗವನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಒಂದು ಭಾನುವಾರ ಕುಳಿತುಕೊಳ್ಳಿ. ಹಣ ಕೊಟ್ಟು ನೋಡುವ ನಾಟಕಗಳೆರಡು, ಹಣವಿಲ್ಲದ ಕಚೇರಿಗಳು ಮೂರು ಎಂದು ಗುರುತು ಹಾಕಿ, ಒಂದೊಂದನ್ನು ಆರಿಸುವ ಹಕ್ಕನ್ನು ಒಬ್ಬೊಬ್ಬರಿಗೆ ಕೊಡಿ, ಮೊದಲನೆಯದು ಅಜ್ಜಿಗಿರಲಿ. ಮನೆ ಕಾಯಲು ಒಬ್ಬರು ಉಳಿಯಲೇಬೇಕಾದರೆ ಪ್ರತಿಸಲವೂ ತಾಯಿಯೇ ಉಳಿಯದೆ ಸರದಿಯು ನಡೆಯಲಿ. ಅದಕ್ಕಾಗಿ ಬೇಕಾದ ಹಣವನ್ನು ಈ ತಿಂಗಳಿಂದಲೇ ಬೇರೆ ಡಬ್ಬಿಯಲ್ಲಿ ಕೂಡಿಡಲು ತೊಡಗಿದರೆ, ಮಾಗಿಯು ಮುಗಿಯುವುದರೊಳಗೆ ಮನೆಯವರು ಐದು ಸಂಜೆಗಳನ್ನು ಒಂದೇ ಸಾಲಿನಲ್ಲಿ ಕುಳಿತು ಕಳೆದಿರುತ್ತಾರೆ.