ಗ್ಯಾರೇಜಿನಲ್ಲಿ ಹುಟ್ಟುತ್ತಿರುವ ಕಾರು

ಮಕ್ಕಳೇ, ಕಾರು ಕೊಳ್ಳುವವರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಕಾರನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಮನೆಗೆ ತರಿಸಿ, ತಾವೇ ಜೋಡಿಸಿಕೊಳ್ಳುವವರನ್ನು ನೋಡಿದ್ದೀರಾ? ಎಪ್ಪತ್ತೊಂದು ವರ್ಷದ ನಾನೇ ನೋಡಿರಲಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ಮಗಳ ಮನೆಗೆ ಬಂದ ಮರುದಿನ ಗ್ಯಾರೇಜಿನ ಬಾಗಿಲು ತೆರೆದರೆ, ಉಕ್ಕಿನ ಕೊಳವೆಗಳ ಒಂದು ಅಸ್ಥಿಪಂಜರ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಚಕ್ರವಿಲ್ಲ, ಎಂಜಿನ್ ಇಲ್ಲ. "ತಾತ, ಇದೇ ನಮ್ಮ ಸ್ಪೋರ್ಟ್ಸ್ ಕಾರು" ಎಂದ ಹನ್ನೊಂದು ವರ್ಷದ ಮೊಮ್ಮಗ. ನನ್ನ ವೀಸಾ ಆರು ತಿಂಗಳದ್ದು. ಅಷ್ಟರೊಳಗೆ ಕಾರು ಓಡುತ್ತದೆ, ಮೊದಲ ಸವಾರಿ ನಿಮಗೇ ಎಂದು ಅಳಿಯಂದಿರು ಮಾತು ಕೊಟ್ಟರು.

ಈ ಹುಚ್ಚು ಇಲ್ಲಿ ಹಳೆಯದು. ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರ್ 1948ರಲ್ಲಿ ಒಂದು ಹಳೇ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ತನ್ನ ಮೊದಲ ಕಾರು ಕಟ್ಟಿದ. ಮುಂದೆ ಲೋಟಸ್ ಕಂಪನಿ ಸ್ಥಾಪಿಸಿ, 1957ರಲ್ಲಿ 'ಲೋಟಸ್ ಸೆವೆನ್' ತಂದ. ಬಾಗಿಲಿಲ್ಲದ, ನೆಲಕ್ಕೆ ಅಂಟಿಕೊಂಡಂಥ ಪುಟ್ಟ ಕಾರು. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಭಾರಿ ತೆರಿಗೆ. ಬಿಡಿಭಾಗಗಳಾಗಿ ಕೊಂಡರೆ ಆ ತೆರಿಗೆ ಇಲ್ಲ. ಆದರೆ ಜೊತೆಗೆ ಜೋಡಿಸುವ ಸೂಚನೆ ಕೊಡುವಂತಿರಲಿಲ್ಲವಂತೆ. ಅದಕ್ಕೆ ಚಾಪ್‌ಮನ್ 'ಕಾರನ್ನು ಬಿಚ್ಚುವ ವಿಧಾನ' ಬರೆದುಕೊಟ್ಟ, ಕೊಂಡವರು ಕೊನೆಯಿಂದ ಮೊದಲಿಗೆ ಓದಿಕೊಂಡರು ಎಂಬ ಕಥೆಯನ್ನು ಇಲ್ಲಿನವರು ಇಂದಿಗೂ ನಗುತ್ತಾ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಸಿಕ್ಕಿತು. ಲಾಭ ಹೋದರೂ ಮನೆಯಲ್ಲೇ ಕಾರು ಕಟ್ಟುವ ಖುಷಿ ಉಳಿಯಿತು. ನಮ್ಮ ಗ್ಯಾರೇಜಿನದೂ ಅದೇ ಜಾತಿಯ ಕಾರು.

ಕೆಲಸವೆಲ್ಲ ಶನಿವಾರ, ಭಾನುವಾರ ಮಾತ್ರ. ಸ್ಟೀರಿಂಗ್, ಸಸ್ಪೆನ್ಷನ್ ಬೇಗ ಕೂತವು. ಬಾಡಿಗೆಗೆ ತಂದ ಕ್ರೇನಿನಿಂದ ಎಂಜಿನ್ ಇಳಿಸಿದ ದಿನ ಮಗಳು ಹೆದರಿ ಹೊರಗೇ ಬರಲಿಲ್ಲ. ನನ್ನ ಕೆಲಸ? ಸ್ಪ್ಯಾನರ್ ಎತ್ತಿಕೊಡುವುದು, ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೆ ಹಳದಿ ಬಣ್ಣದ ಗೆರೆ ಎಳೆಯುವುದು. ಗೆರೆ ಸರಿದಿದ್ದರೆ ಬೋಲ್ಟು ಸಡಿಲವಾಗಿದೆ ಎಂದರ್ಥ.

ಎಲ್ಲ ಸಲೀಸು ಎನ್ನುವಾಗ ಬ್ರೇಕ್ ಕೈಕೊಟ್ಟಿತು. ಪೆಡಲ್ ಒತ್ತಿದರೆ ಸ್ಪಂಜು ಒತ್ತಿದಂತೆ ಒಳಗೆ ಹೋಗುತ್ತಿತ್ತು. ಯಾಕೆ ಗೊತ್ತೇ? ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ, ಅಲ್ಲಾಡದು. ಬರೀ ಗಾಳಿಯಿದ್ದರೆ ಸುಲಭವಾಗಿ ಕುಗ್ಗುತ್ತದೆ. ಬ್ರೇಕ್ ಪೈಪಿನಲ್ಲೂ ಹಾಗೆಯೇ. ಕಾಲಿನ ಒತ್ತಡವನ್ನು ಬ್ರೇಕ್ ಆಯಿಲ್ ಚಕ್ರಕ್ಕೆ ಮುಟ್ಟಿಸಬೇಕು. ನಡುವೆ ಗಾಳಿಗುಳ್ಳೆಯಿದ್ದರೆ ಒತ್ತಡವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚು.

ಮೊಮ್ಮಗ ಪೆಡಲ್ ಒತ್ತುವುದು, ಅಳಿಯಂದಿರು ಚಕ್ರದ ಬಳಿಯ ಪುಟ್ಟ ನಿಪ್ಪಲ್ ತಿರುಗಿಸಿ ಗಾಳಿ ಬಿಡುವುದು. ಎರಡು ಭಾನುವಾರ ಇದೇ ಆಯಿತು. ಆಯಿಲಿನ ಒಂದು ಹನಿ ಹೊಸ ಬಣ್ಣವನ್ನೂ ತಿಂದುಹಾಕಿತು. ಕೊನೆಗೆ ನೋಡಿದರೆ ಹಿಂದಿನ ಪೈಪಿನ ತುದಿಯನ್ನು ಅಗಲಿಸುವಾಗ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಮಾಡಿದ್ದು ಅಳಿಯಂದಿರೇ. "ಹೀಗೇ ಇರಲಿ ಬಿಡಪ್ಪಾ, ತಾತ ಹೋಗೋದ್ರೊಳಗೆ ಓಡಿಸೋಣ" ಎಂದು ಹುಡುಗ ಅತ್ತೇಬಿಟ್ಟ. ಅಳಿಯಂದಿರು ನನ್ನ ಮುಖ ನೋಡಿದರು. ನಾನೇ ಪೈಪ್ ಬಿಚ್ಚಲು ಸ್ಪ್ಯಾನರ್ ಎತ್ತಿಕೊಟ್ಟೆ.

ಇಲ್ಲಿ ಮನೆಯಲ್ಲಿ ಕಟ್ಟಿದ ಕಾರು ನೇರವಾಗಿ ರಸ್ತೆಗಿಳಿಯುವಂತಿಲ್ಲ. 'ಐವಿಎ' ಎಂಬ ಸರ್ಕಾರಿ ತಪಾಸಣೆ ದಾಟಬೇಕು. ಬ್ರೇಕ್, ದೀಪ, ಸೀಟ್ ಬೆಲ್ಟ್, ಹೊಗೆ, ಸದ್ದು ಎಲ್ಲವನ್ನೂ ನೋಡುತ್ತಾರೆ. ದಾರಿಹೋಕರಿಗೆ ತಗುಲಬಹುದಾದ ಚೂಪು ಅಂಚೂ ಇರಕೂಡದು. ಹೊರಚಾಚಿದ ನಟ್ಟುಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ ಹಾಕುವುದು ಮೊಮ್ಮಗನ ಈಗಿನ ಉದ್ಯೋಗ. ಪಾಸಾದ ಮೇಲೆಯೇ ನಂಬರ್ ಪ್ಲೇಟು.

ವೈರಿಂಗ್ ಇನ್ನೂ ಬಾಕಿ. ನನ್ನ ವಿಮಾನ ಬರುವ ಬುಧವಾರ. ಮೊದಲ ಸವಾರಿ ಮುಂದಿನ ಬೇಸಿಗೆಗೆ ಹೋಯಿತು.

ನಿನ್ನೆ ಹೊಸ ಪೈಪ್ ಹಾಕಿ, ಚಕ್ರ ಕೂರಿಸಿ, ಕಾರನ್ನು ಮೊದಲ ಸಲ ನೆಲಕ್ಕಿಳಿಸಿದೆವು. ಮೊಮ್ಮಗ ಸ್ಟೀರಿಂಗ್ ಹಿಡಿದು ಕೂತ. ನಾನೂ ಅಳಿಯಂದಿರೂ ಹಿಂದಿನಿಂದ ತಳ್ಳಿದೆವು. ಮನೆ ಮುಂದಿನ ಜಾಗದಲ್ಲಿ ಹತ್ತು ಹೆಜ್ಜೆ ಉರುಳಿತು. "ಬ್ರೇಕ್!" ಎಂದೆ. ಗಕ್ಕನೆ ನಿಂತಿತು.

"ಇನ್ನೊಂದ್ಸಲ ತಳ್ಳು ತಾತ" ಎಂದ.