ಪೈಲ್ವಾನನನ್ನು ನಸುಕಿನಲ್ಲಿ ಎಬ್ಬಿಸುವುದು ಯಾವುದು?

ರೋಣದವರು ತಮ್ಮ ಊರಿನ ಹೆಸರಿನ ಮೂಲವನ್ನು ದ್ರೋಣಪುರದಲ್ಲಿ ಕಾಣುತ್ತಾರೆ. ಕೌರವ ಪಾಂಡವರ ಗುರುವಿನ ಹೆಸರೇ ಜನರ ಬಾಯಲ್ಲಿ ಸವೆದು ಸವೆದು ರೋಣವಾಯಿತೆಂಬುದು ಅಲ್ಲಿಯ ಐತಿಹ್ಯ. ಅದರ ಸತ್ಯಾಸತ್ಯತೆಯ ನಿರ್ಣಯ ಪಂಡಿತರಿಗಿರಲಿ. ಆದರೆ ದ್ರೋಣರ ಕಥೆಯಲ್ಲಿ ಕ್ರೀಡಾಪಟುಗಳೆಲ್ಲರಿಗೂ ಸಂಬಂಧಿಸಿದ ಪ್ರಶ್ನೆಯೊಂದು ಅಡಗಿದೆ. ಅರ್ಜುನನಿಗೆ ಗುರುವಿದ್ದರು, ಅರಮನೆಯಿತ್ತು, ಗುರಿ ತಪ್ಪದಿದ್ದರೆ ಸಭೆಯ ಹೊಗಳಿಕೆಯಿತ್ತು. ಏಕಲವ್ಯನಿಗೆ ಇವಾವುವೂ ಇರಲಿಲ್ಲ. ಇದ್ದುದು ಮಣ್ಣಿನ ಒಂದು ಮೂರ್ತಿ ಮಾತ್ರ. ಆದರೂ ಅವನು ಅಡವಿಯಲ್ಲಿ ಒಬ್ಬನೇ ದಿನದಿನವೂ ಬಾಣ ಹೂಡುತ್ತಿದ್ದ. ನೋಡುವವರಿಲ್ಲದ ಕಡೆ, ಕೊಡುವವರಿಲ್ಲದ ಕಡೆ, ಮನುಷ್ಯನನ್ನು ಅಭ್ಯಾಸಕ್ಕೆ ಹಚ್ಚುವ ಶಕ್ತಿ ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ ನರಗುಂದ, ರೋಣ, ಗಜೇಂದ್ರಗಡ ತಾಲ್ಲೂಕುಗಳು ಪಡುವಣದಿಂದ ಮೂಡಣಕ್ಕೆ ಒಂದರ ಪಕ್ಕದಲ್ಲಿ ಒಂದು ಹಬ್ಬಿವೆ. ನರಗುಂದದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎರೆಯ ಭೂಮಿ; ಅದರ ನಡುವೆ ಏಕಾಕಿಯಾಗಿ ನಿಂತ ಗುಡ್ಡ. ಗಜೇಂದ್ರಗಡದ ಕಡೆಗೆ ಸಾಗಿದಂತೆ ಬೆಟ್ಟಗಳ ಸಾಲು, ಕಲ್ಲು, ಕೆಂಪು ಮಣ್ಣು. ಜೋಳ, ಹತ್ತಿ, ಕಡಲೆ ಬೆಳೆಯುವ ಈ ಸೀಮೆಯ ಹಳ್ಳಿಗಳಿಗೆ ಕುಸ್ತಿಯ ಹುಚ್ಚು ಬಹು ಹಳೆಯದು.

ಎಷ್ಟು ಹಳೆಯದೆಂದರೆ, ಅದನ್ನು ಕುರಿತು ಅರಸನೊಬ್ಬ ಗ್ರಂಥಸ್ಥವಾಗಿ ಬರೆದಿಟ್ಟಿದ್ದಾನೆ. 12ನೆಯ ಶತಮಾನದಲ್ಲಿ ಈ ನಾಡನ್ನಾಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಕೃತಿಯಲ್ಲಿ ಮಲ್ಲವಿನೋದವೆಂಬ ಭಾಗವೇ ಉಂಟು. ಮಲ್ಲರ ದರ್ಜೆಗಳು, ಅವರ ಆಹಾರ, ನಿತ್ಯದ ವ್ಯಾಯಾಮ, ಇವೆಲ್ಲ ಅಲ್ಲಿ ಬಂದಿವೆ. ಆ ರಾಜವಂಶದ ಕಾಲದ ದೇಗುಲಗಳು ಗಜೇಂದ್ರಗಡದ ಬಳಿಯ ಸೂಡಿಯಲ್ಲಿ ಇಂದಿಗೂ ನಿಂತಿವೆ. ಆದರೆ ಹೆಸರೇ ಹೇಳುವಂತೆ ಅದು ಅರಸನ ವಿನೋದ. ಮಣ್ಣಿನಲ್ಲಿ ಹೊರಳುತ್ತಿದ್ದ ಮಲ್ಲನಿಗೆ ಅದು ಏನಾಗಿತ್ತೆಂಬುದು ಬೇರೆಯೇ ಮಾತು.

ಮಣ್ಣಿನ ಮಾತು ಬಂದುದರಿಂದ ಇಲ್ಲಿ ಒಂದು ಸಂಗತಿ ಹೇಳಬೇಕು. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಕಾಲಿಗೆ ಮೆತ್ತುತ್ತದೆ. ಬೆಳೆಗೆ ಬಂಗಾರವಾದರೂ ಕುಸ್ತಿಯ ಕಣಕ್ಕೆ ಅದು ಸಲ್ಲದು. ಎರೆಯ ಊರಿನಲ್ಲಿ ಗರಡಿಮನೆ ಕಟ್ಟುವವರು ಕೆಮ್ಮಣ್ಣನ್ನು ಹೊರಗಿನಿಂದ ಹೇರಿ ತರಬೇಕು. ತಂದ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಕರ್ಪೂರ, ನಿಂಬೆಹಣ್ಣಿನ ರಸ ಬೆರಸಿ ಹದಗೊಳಿಸಬೇಕು. ದಿನವೂ ಸನಿಕೆಯಿಂದ ಅಗೆದು ಸಡಿಲಿಸಬೇಕು. ಈ ಕೆಲಸ ಗರಡಿಯ ಹುಡುಗರದೇ. ಪಟ್ಟು ಕಲಿಯುವ ಮೊದಲು ಅವರು ಕಲಿಯುವುದು ಮಣ್ಣಿನ ಚಾಕರಿ.

ಜಾತ್ರೆಯ ಕುಸ್ತಿಯನ್ನು ಕಂಡವರಿಗೆ ಅದರ ವೈಭವವನ್ನು ವರ್ಣಿಸಿ ಹೇಳಬೇಕಾಗಿಲ್ಲ. ತೇರು ಎಳೆದ ಮರುದಿನ, ಇಳಿಹೊತ್ತಿನಲ್ಲಿ, ಸುಗ್ಗಿ ಮುಗಿದ ಹೊಲದಲ್ಲಿ ಕಣ ಸಿದ್ಧವಾಗುತ್ತದೆ. ಹಲಗೆಯ ಸದ್ದು ಕೇಳಿದೊಡನೆ ಸುತ್ತಣ ಹಳ್ಳಿಗಳ ಜನ ಕೂಡುತ್ತಾರೆ. ಮೊದಲು ಚಿಕ್ಕ ಹುಡುಗರ ಜೋಡಿಗಳು. ಗೆದ್ದವನಿಗೆ ತೆಂಗಿನಕಾಯಿಯೋ ಕೆಲವು ಕಾಸೋ ಸಿಕ್ಕೀತು. ಹೊತ್ತು ಇಳಿದಂತೆ ಜೋಡಿಗಳು ದೊಡ್ಡವಾಗುತ್ತವೆ. ಕೊನೆಯ ಕುಸ್ತಿಗೆ ಬೆಳ್ಳಿಯ ಕಡಗ. ಎದುರಾಳಿಯನ್ನು ಚಿತ್ ಮಾಡಿದವನನ್ನು ಗೆಳೆಯರು ಹೆಗಲ ಮೇಲೆ ಹೊತ್ತು ಕುಣಿಸುತ್ತಾರೆ. ಹಿರಿಯರು ರುಮಾಲು ಸುತ್ತುತ್ತಾರೆ. ನೋಡುತ್ತ ಕುಳಿತ ರೈತನೊಬ್ಬ ಥಟ್ಟನೆ ಎದ್ದು ಬಂದು, ಯಾರೂ ಹೇಳದೆ ಕೇಳದೆ, ತನ್ನ ಕಿಸೆಯ ನೋಟೊಂದನ್ನು ಪೈಲ್ವಾನನ ಕೈಯಲ್ಲಿಡುತ್ತಾನೆ.

ಇದನ್ನು ಕಂಡವರು ಪೈಲ್ವಾನನು ಕಡಗಕ್ಕಾಗಿ, ಕೀರ್ತಿಗಾಗಿ ಆಡುತ್ತಾನೆಂದು ತೀರ್ಮಾನಿಸುವುದು ಸಹಜ. ಆದರೆ ಲೆಕ್ಕ ಹಾಕಿದರೆ ಈ ತೀರ್ಮಾನ ನಿಲ್ಲದು. ವರ್ಷವಿಡೀ ಹಾಲು, ತುಪ್ಪ, ಬಾದಾಮಿಗೆಂದು ಮನೆಯವರು ಸುರಿದ ಹಣಕ್ಕೆ ಒಂದು ಕಡಗದ ಬೆಲೆ ಸಾಟಿಯಾಗದು. ಹೆಗಲ ಮೇಲಿನ ಮೆರವಣಿಗೆಯಾದರೂ ವರ್ಷಕ್ಕೆ ಒಂದೆರಡು ಗಳಿಗೆಯ ಮಾತು. ಉಳಿದ ದಿನಗಳೆಲ್ಲ ಗರಡಿಯ ಕತ್ತಲೆಯಲ್ಲಿ ಕಳೆಯುತ್ತವೆ.

“ಏಳಪಾ, ಕೋಳಿ ಕೂಗಿತು. ವಸ್ತಾದರು ಬಂದಿರತಾರ” ಎಂದು ತಾಯಿ ಎಬ್ಬಿಸುವಲ್ಲಿಂದ ಪೈಲ್ವಾನನ ದಿನ ಆರಂಭ. ಗರಡಿಯಲ್ಲಿ ಗುರುಗಳ ಮೊದಲ ಪ್ರಶ್ನೆ: “ನಿನ್ನೆ ಬಸ್ಕಿ ಎಷ್ಟು ಹೊಡದಿ?” “ಮುನ್ನೂರು ರೀ.” “ಇವತ್ತ ಮುನ್ನೂರಾ ಹತ್ತು ಹೊಡಿ.” ಇಷ್ಟೇ ಮಾತು. ಆದರೆ ಈ ಹತ್ತರಲ್ಲಿ ಬಹಳ ಅರ್ಥವಿದೆ. ಹುಡುಗನಿಗೆ ಅಂದಿನ ಎದುರಾಳಿ ಪಕ್ಕದೂರಿನ ಪೈಲ್ವಾನನಲ್ಲ, ನಿನ್ನೆಯ ತಾನೇ. ಆ ಹತ್ತು ಮುಗಿದಾಗ ಆಗುವ ಆನಂದಕ್ಕೆ ಜಾತ್ರೆ ಬರುವವರೆಗೆ ಕಾಯಬೇಕಾಗಿಲ್ಲ. ಎರಡನೆಯದಾಗಿ, ತಾನು ಎಷ್ಟು ಬಸ್ಕಿ ಹೊಡೆದೆನೆಂಬುದನ್ನು ನೆನಪಿಟ್ಟುಕೊಂಡು ಕೇಳುವ ಮನುಷ್ಯನೊಬ್ಬನಿದ್ದಾನೆಂಬ ಅರಿವು. ತಾನು ಒಂದು ದಿನ ಬಾರದಿದ್ದರೆ ಒಬ್ಬರಿಗೆ ಗೊತ್ತಾಗುತ್ತದೆ! ಚಿಕ್ಕವರಿಗೇಕೆ, ದೊಡ್ಡವರಿಗೂ ಇದಕ್ಕಿಂತ ಬಲವಾದ ಕಟ್ಟು ಸಿಕ್ಕುವುದು ವಿರಳ.

ಬಹುಮಾನದ ಎರಡು ಮುಖ

ಗರಡಿಯ ಗುರುಗಳು ಅನುಭವದಿಂದ ಬಲ್ಲ ಈ ಸಂಗತಿಯನ್ನು ಮನೋವಿಜ್ಞಾನಿಗಳು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. ಅಮೆರಿಕದ ಎಡ್ವರ್ಡ್ ಡೆಸಿ ಎಂಬ ವಿದ್ವಾಂಸ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಂದು ಒಗಟಿನ ಆಟ ಕೊಟ್ಟ. ಕೆಲವರಿಗೆ ಒಗಟು ಬಿಡಿಸಿದರೆ ಹಣ. ಉಳಿದವರಿಗೆ ಏನೂ ಇಲ್ಲ. ಹಣ ನಿಂತುಹೋದ ಬಳಿಕ, ಹಣ ಪಡೆದವರು ಬಿಡುವಿನ ವೇಳೆಯಲ್ಲಿ ಆ ಆಟದತ್ತ ತೋರಿದ ಆಸಕ್ತಿ ಕುಗ್ಗಿತು. ಮೊದಲಿನಿಂದಲೂ ಏನನ್ನೂ ಪಡೆಯದವರ ಉತ್ಸಾಹ ಹಾಗೆ ಕುಗ್ಗಲಿಲ್ಲ.

1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ನಡುವೆ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಆಸೆ ತೋರಿಸಲಾಯಿತು. ಇನ್ನು ಕೆಲವರಿಗೆ, ಮೊದಲು ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರವನ್ನು ಅನಿರೀಕ್ಷಿತವಾಗಿ ಕೊಡಲಾಯಿತು. ಕೆಲವು ದಿನಗಳ ತರುವಾಯ ನೋಡಿದರೆ, ಆಸೆ ತೋರಿಸಲ್ಪಟ್ಟ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಗಿತ್ತು. ಅನಿರೀಕ್ಷಿತವಾಗಿ ಪಡೆದವರಲ್ಲಿ ಹಾಗಾಗಿರಲಿಲ್ಲ.

ಈ ಫಲಿತಾಂಶಗಳು ಎಷ್ಟು ದೂರ ಅನ್ವಯಿಸುತ್ತವೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಆದರೂ ಕಣದಲ್ಲಿ ಥಟ್ಟನೆ ಎದ್ದು ಬಂದ ಆ ರೈತನನ್ನು ಇಲ್ಲಿ ನೆನೆಯದಿರಲಾಗದು. ಅವನ ನೋಟು ಕೂಲಿಯಲ್ಲ. ‘ನಿನ್ನ ಆಟವನ್ನು ನಾನು ಕಂಡೆ’ ಎಂಬ ಮಾತನ್ನು ಅವನು ನೋಟಿನಲ್ಲಿ ಹೇಳಿದ. ಪಟ್ಟಣದ ಮನೆಗಳಲ್ಲಿ ‘ಓಟದಲ್ಲಿ ಮೊದಲನೆಯವನಾದರೆ ಸೈಕಲ್ಲು ಕೊಡಿಸುತ್ತೇನೆ’ ಎಂದು ಮಗನೊಡನೆ ಕರಾರು ಮಾಡಿಕೊಳ್ಳುವ ತಂದೆತಾಯಿಗಳು ಈ ವ್ಯತ್ಯಾಸವನ್ನು ಗಮನಿಸಬಹುದು. ಸೈಕಲ್ಲು ಕೊಡಿಸುವುದರಲ್ಲಿ ತಪ್ಪಿಲ್ಲ. ಓಟವನ್ನು ಸೈಕಲ್ಲಿನ ಬೆಲೆಯನ್ನಾಗಿ ಮಾಡುವುದರಲ್ಲಿ ಅಪಾಯವಿದೆ.

ಒತ್ತೆಯಿಟ್ಟ ಮನೆ

ಒಬ್ಬನ ಗೆಲುವಿನ ಹಿಂದೆ ಮತ್ತೊಬ್ಬರ ನಂಬಿಕೆ ಎಷ್ಟು ದೊಡ್ಡದಾಗಿರಬಲ್ಲುದೆಂಬುದಕ್ಕೆ ಖಾಶಾಬಾ ಜಾಧವರ ಕಥೆಗಿಂತ ಬೇರೆ ನಿದರ್ಶನ ಬೇಡ. ಸಾತಾರಾ ಜಿಲ್ಲೆಯ ಗೋಳೇಶ್ವರದ ಈ ಕುಸ್ತಿಪಟು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯ ಸ್ಥಾನ ಪಡೆದವರು. 1952ರ ಹೆಲ್ಸಿಂಕಿ ಕ್ರೀಡೆಗಳಿಗೆ ಹೋಗಲು ಅವರ ಬಳಿ ಹಣವಿರಲಿಲ್ಲ. ಊರವರು ತಮ್ಮ ಕೈಲಾದುದನ್ನು ಕೂಡಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅವರ ಪ್ರಿನ್ಸಿಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ತಂದುಕೊಟ್ಟರು. ಜಾಧವರು ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ಗೆದ್ದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ನೂರಕ್ಕೂ ಮಿಕ್ಕಿದ ಎತ್ತಿನ ಗಾಡಿಗಳ ಮೆರವಣಿಗೆ ಅವರನ್ನು ಊರಿಗೆ ಕರೆತಂದಿತು. ಪದಕ ಬಂದ ಮೇಲೆ ಅವರು ಮಾಡಿದ ಕೆಲಸ ಮನಸ್ಸಿನಲ್ಲಿ ಉಳಿಯುವಂಥದು: ಕುಸ್ತಿಗಳನ್ನಾಡಿ ಹಣ ಕೂಡಿಸಿ ಗುರುಗಳ ಋಣ ತೀರಿಸಿದರು.

ಕೊಲ್ಹಾಪುರದ ತಾಲೀಮುಗಳಿಗೂ ಕನ್ನಡ ಸೀಮೆಗೂ ನಂಟು ಹಳೆಯದು. ಶಾಹು ಮಹಾರಾಜರು ಅಲ್ಲಿ ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ 1912ರಲ್ಲಿ ಸಿದ್ಧವಾಯಿತು. ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದ ಶ್ರೀಪತಿ ಖಂಚನಾಳೆಯವರು ಕೊಲ್ಹಾಪುರದಲ್ಲಿ ಸಾಮು ಮಾಡಿ, 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿಯಾದರು. ಅವರು ತೀರಿಕೊಂಡದ್ದು 2020ರಲ್ಲಿ.

ಕುಸ್ತಿಯನ್ನು ಬಿಟ್ಟು ಕ್ರಿಕೆಟ್ಟಿಗೆ ಬಂದರೂ ಇದೇ ಚಿತ್ರ. ಗದಗಿನಲ್ಲಿ 1970ರಲ್ಲಿ ಹುಟ್ಟಿದ ಸುನೀಲ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಬೇಕಾಗಿತ್ತು. ದೂರ ಸುಮಾರು 60 ಕಿಲೋಮೀಟರು. ನಸುಕಿನಲ್ಲಿ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ವೇಳೆಗೆ ಗದಗಿಗೆ ಮರಳುವುದು ಅವರ ದಿನಚರಿ. ಆಗ ಅವರಿಗೆ ಭಾರತದ ತಂಡದಲ್ಲಿ ಸ್ಥಾನವನ್ನು ಯಾರೂ ವಾಗ್ದಾನ ಮಾಡಿರಲಿಲ್ಲ. ಆ ಸ್ಥಾನ ಬಂದದ್ದು 1996ರಲ್ಲಿ, 26ನೆಯ ವಯಸ್ಸಿನಲ್ಲಿ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಅವರು 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು; ಹತ್ತರಲ್ಲಿ ಆರು ಓವರುಗಳು ಮೇಡನ್. ಒಂದೇ ಜಾಗಕ್ಕೆ ಚೆಂಡನ್ನು ಮತ್ತೆ ಮತ್ತೆ ಹಾಕಲು ಬೇಕಾದ ತಾಳ್ಮೆಗೂ ಆ ಮುಂಜಾವಿನ ಪ್ರಯಾಣಗಳಿಗೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಈ ಹಂಬಲ ಆಟಗಾರರ ಸ್ವತ್ತು ಮಾತ್ರವೂ ಅಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ಹರೆಯದಲ್ಲಿ ಗುರುವನ್ನರಸಿ ಮನೆ ಬಿಟ್ಟು ಹೊರಟು, ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ, ಕಡೆಗೆ ಗುರುವನ್ನು ಕಂಡುಕೊಂಡದ್ದು ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರಲ್ಲಿ.

“ಕುಸ್ತಿ ಆಡಿ ಏನ ಮಾಡ್ತಿ?”

ಇಷ್ಟಾದರೂ ಹೊಟ್ಟೆಯ ಪ್ರಶ್ನೆ ಉಳಿದೇ ಉಳಿಯುತ್ತದೆ. “ಕುಸ್ತಿ ಆಡಿ ಏನ ಮಾಡ್ತಿ?” ಎಂದು ಕೇಳುವ ತಂದೆಯನ್ನು ರಸಿಕತೆಯಿಲ್ಲದವನೆಂದು ಹಳಿಯುವುದು ಸುಲಭ, ಮಳೆ ಕೈಕೊಟ್ಟ ವರ್ಷ ಅವನ ಮನೆಯಲ್ಲಿ ಒಂದು ದಿನ ಇದ್ದು ನೋಡುವುದು ಕಷ್ಟ. ಬೆಳೆ ಹೋದಾಗ ಈ ಸೀಮೆಯ ಕುಟುಂಬಗಳು ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೊರಡುತ್ತವೆ. ಕೂಡ ಹೋದ ಹುಡುಗನ ಗರಡಿ ಅಲ್ಲಿಗೆ ಮುಗಿಯಿತು. ಅವನಲ್ಲಿ ಛಲದ ಕೊರತೆಯಿತ್ತೆಂದು ಹೇಳಿದರೆ ಅದು ಅನ್ಯಾಯದ ಮಾತಾದೀತು. ಪೊಲೀಸು, ರೈಲ್ವೆ, ಸೈನ್ಯಗಳಲ್ಲಿ ಆಟಗಾರರಿಗೆ ದೊರೆಯುವ ನೌಕರಿಗಳು ಇಂಥ ಮನೆಗಳಿಗೆ ದೊಡ್ಡ ಆಸರೆ. ಜಾಧವರು ಸಹ 1955ರಲ್ಲಿ ಪೊಲೀಸು ಇಲಾಖೆ ಸೇರಿದರು. ನೌಕರಿಯ ಆಸೆ ಆಟವನ್ನು ಕೆಡಿಸುವುದಿಲ್ಲ. ನೌಕರಿಯ ಹೊರತು ಬೇರೇನೂ ಕಾಣದಿದ್ದವನು ಮಾತ್ರ ನೇಮಕದ ಆಜ್ಞೆ ಕೈಸೇರಿದ ದಿನವೇ ಲಂಗೋಟಿ ಕಳಚಿಡುತ್ತಾನೆ.

ಹೆಣ್ಣುಮಕ್ಕಳಿಗಂತೂ ಈ ಪ್ರಶ್ನೆ ಎರಡು ಪಟ್ಟು ತೀಕ್ಷ್ಣ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿ ಆರಂಭವಾದದ್ದು 2004ರಲ್ಲಿ; ಸಾಕ್ಷಿ ಮಲಿಕ್ ಕಂಚು ಗೆದ್ದದ್ದು 2016ರಲ್ಲಿ. ಅಲ್ಲಿಯವರೆಗೆ ಕುಸ್ತಿಯಾಡುವೆನೆಂಬ ಹುಡುಗಿಗೆ ಮನೆಯವರ ಎದುರು ತೋರಿಸಲು ಒಲಿಂಪಿಕ್ ಪದಕ ಗೆದ್ದ ಭಾರತದ ಮಹಿಳಾ ಕುಸ್ತಿಪಟುವಿನ ಒಂದು ಹೆಸರೂ ಇರಲಿಲ್ಲ. ಇಂದು ಗದಗ ಜಿಲ್ಲೆಯ ಹುಡುಗಿಯರೂ ಕುಸ್ತಿ ಕಲಿತು ಪದಕಗಳನ್ನು ತಂದಿದ್ದಾರೆ. ಬೆಳಗಾವಿಯ ಬಳಿಯ ತುರಮುರಿಯ ರೈತನ ಮಗಳೊಬ್ಬಳು 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ, ಕುಸ್ತಿಯ ಬಳಗಕ್ಕೇ ಸೇರಿದ ಕುರಾಶ್ ಎಂಬ ಆಟದಲ್ಲಿ ಕಂಚಿನ ಪದಕ ಗೆದ್ದಳು. ನರಗುಂದ, ರೋಣಗಳ ಅಂಚಿನಲ್ಲಿ ಹರಿಯುವ ಹೊಳೆಯ ಹೆಸರೇ ಅವಳದು: ಮಲಪ್ರಭಾ ಜಾಧವ.

ಹಳ್ಳಿಯ ಗರಡಿಮನೆಗೆ ನಸುಕಿನಲ್ಲಿ ಹೋದವರಿಗೆ ಮೂಲೆಯಲ್ಲಿ ಕುಳಿತ ವೃದ್ಧರೊಬ್ಬರು ಕಾಣಸಿಗುವುದುಂಟು. ಒಂದು ಕಾಲದಲ್ಲಿ ಮಣ್ಣಿಗಿಳಿದವರು. ಮೊಣಕಾಲು ಕೈಕೊಟ್ಟ ಬಳಿಕ ಕಣ ಬಿಟ್ಟವರು. ಅವರ ಮನೆಯಲ್ಲಿ ಬೆಳ್ಳಿಯ ಕಡಗ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹನುಮಂತದೇವರ ಪಟದ ಮುಂದೆ ಊದಿನಕಡ್ಡಿ ಹಚ್ಚಿ, ಗೋಡೆಗೊರಗಿ ಕುಳಿತು, ಯಾರದೋ ಮಕ್ಕಳ ಬಸ್ಕಿಗಳನ್ನು ಅವರು ಎಣಿಸುತ್ತಿರುತ್ತಾರೆ. ಎಣಿಕೆ ತಪ್ಪಿದರೆ ಮೊದಲಿಂದ ಹೊಡೆಸುತ್ತಾರೆ.