ಜೈಸಲ್ಮೇರ್

ಜೈಸಲ್ಮೇರ್ ರಾಜಸ್ಥಾನದ ಪಶ್ಚಿಮ ಭಾಗದಲ್ಲಿ, ಥಾರ್ ಮರುಭೂಮಿಯ ನಡುವೆ ಇರುವ ಐತಿಹಾಸಿಕ ನಗರ ಹಾಗೂ ಜಿಲ್ಲಾ ಕೇಂದ್ರ. ಇಲ್ಲಿನ ಕಟ್ಟಡಗಳ ಹಳದಿ ಮರಳುಗಲ್ಲು ಇಳಿಬಿಸಿಲಿನಲ್ಲಿ ಹೊನ್ನಿನಂತೆ ಹೊಳೆಯುವುದರಿಂದ ಇದಕ್ಕೆ ‘ಸುವರ್ಣ ನಗರ’ ಎಂಬ ಹೆಸರೂ ಇದೆ.

ಇತಿಹಾಸ

ಭಾಟಿ ರಜಪೂತ ದೊರೆ ರಾವಲ್ ಜೈಸಲನು ಲೋದ್ರವಾದಲ್ಲಿದ್ದ ರಾಜಧಾನಿಯನ್ನು ತೊರೆದು, ಕ್ರಿ.ಶ. 1156ರಲ್ಲಿ ತ್ರಿಕೂಟ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನು. ಮಳೆ ಅಪರೂಪವಾದ ಈ ನಾಡಿಗೆ ಸಿರಿ ತಂದದ್ದು ಬೇಸಾಯವಲ್ಲ, ಒಂಟೆಗಳ ಮೇಲೆ ಸಾಗುತ್ತಿದ್ದ ವ್ಯಾಪಾರ. ಬ್ರಿಟಿಷರ ಕಾಲದಲ್ಲಿ ಮುಂಬಯಿ ಬಂದರು ಬೆಳೆದಂತೆ ಆ ದಾರಿಗಳು ಸೊರಗಿದವು. 1947ರ ದೇಶವಿಭಜನೆಯಿಂದ ಸಿಂಧ್ ಕಡೆಯ ದಾರಿ ಮುಚ್ಚಿಯೇ ಹೋಯಿತು.

ಪ್ರೇಕ್ಷಣೀಯ ಸ್ಥಳಗಳು

ಪಟವಾ ವರ್ತಕ ಕುಟುಂಬದವರು 19ನೆಯ ಶತಮಾನದಲ್ಲಿ ಕಟ್ಟಿಸಿದ ಐದು ಹವೇಲಿಗಳ ಕಲ್ಲಿನ ಜಾಲಂಧ್ರಗಳು ಮರದ ಕೆತ್ತನೆಯೋ ಎಂಬಂತಿವೆ. ಊರಿನ ಹೊರಗಿನ ಗಡೀಸರ್ ಕೆರೆಯು ಹಿಂದೆ ನಗರಕ್ಕೆ ಕುಡಿಯುವ ನೀರಿನ ಆಸರೆಯಾಗಿತ್ತು.

ಕೋಟೆ

99 ಬುರುಜುಗಳ ಈ ಕೋಟೆಯೊಳಗೆ ಅರಮನೆ, ಜೈನ ಬಸದಿಗಳಿವೆ. ಇದು ಬರಿಯ ಸ್ಮಾರಕವಲ್ಲ. ಸಾವಿರಾರು ಜನ ಇಂದಿಗೂ ಇಲ್ಲಿ ವಾಸಿಸುತ್ತಾರೆ. ಕೊಡದಲ್ಲಿ ಹೊತ್ತು ತಂದ ನೀರನ್ನು ಅಳೆದು ಬಳಸುತ್ತಿದ್ದ ಕಾಲದ ಕೋಟೆಯಿದು. ನಲ್ಲಿಗಳು ಬಂದ ಮೇಲೆ, ವಸತಿಗೃಹಗಳೂ ಹೆಚ್ಚಿದ ಮೇಲೆ, ನೀರಿನ ಬಳಕೆ ಹಲವು ಪಟ್ಟಾಯಿತು. ಚರಂಡಿಗಳಿಂದ ಸೋರಿದ ನೀರು ಬೆಟ್ಟದ ಮೆದು ಪದರಗಳಿಗೆ ಇಳಿದು, ಕೆಲವು ಬುರುಜುಗಳು ಕುಸಿದಿವೆ. ಮುತ್ತಿಗೆಗಳನ್ನು ತಾಳಿದ ಗೋಡೆಗಳಿಗೆ ಈಗಿನ ಅಪಾಯ ನೀರಿನದೇ. 2013ರಲ್ಲಿ ಯುನೆಸ್ಕೊ ಈ ಕೋಟೆಯನ್ನು ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.